ನಾಗಪುರದಲ್ಲಿ ವಿಮಾನದ ಚಕ್ರ ಕಳಚಿದ್ದನ್ನು ಕಂಡವರು ನೆಲದ ಮೇಲಿದ್ದರು: ಟೇಕಾಫ್‌ಗೂ ಮುಂಚೆ ಏರ್‌ಪೋರ್ಟ್‌ನಲ್ಲಿ ಏನೇನು ನಡೆಯುತ್ತೆ ಗೊತ್ತಾ?

2021ರ ಮೇ 6. ದೇಶದಲ್ಲಿ ಕೋವಿಡ್ ಎರಡನೇ ಅಲೆಯ ಅಬ್ಬರ. ಬಾಗ್‌ಡೋಗ್ರಾದಿಂದ ರೋಗಿಯೊಬ್ಬರನ್ನು ಹೊತ್ತು ಮುಂಬೈಗೆ ಹೊರಟಿದ್ದ ಪುಟ್ಟ ಏರ್ ಆಂಬ್ಯುಲೆನ್ಸ್ ನಡುವೆ ಇಂಧನಕ್ಕಾಗಿ ನಾಗಪುರದಲ್ಲಿ ಇಳಿದಿತ್ತು. ಟ್ಯಾಂಕ್ ತುಂಬಿಸಿಕೊಂಡು ಮತ್ತೆ ರನ್‌ವೇಯಲ್ಲಿ ಓಡಿ ಮೇಲೇರುವಾಗ ಅದರ ಒಂದು ಚಕ್ರ ಕಳಚಿ ಕೆಳಗೆ ಬಿತ್ತು. ಅದನ್ನು ನೋಡಿದ್ದು ವಿಮಾನ ನಿಲ್ದಾಣದಲ್ಲಿ ಕರ್ತವ್ಯದಲ್ಲಿದ್ದ ಸಿಐಎಸ್‌ಎಫ್ ಸಿಬ್ಬಂದಿಯೊಬ್ಬರು. ಕೂಡಲೇ ಸುದ್ದಿ ಕಂಟ್ರೋಲ್ ಟವರ್‌ಗೆ ಹೋಯಿತು, ಅಲ್ಲಿಂದ ಪೈಲಟ್‌ಗೆ. ಮುಂಬೈನಲ್ಲಿ ರನ್‌ವೇಗೆ ನೊರೆ ಸುರಿದು, ಅಗ್ನಿಶಾಮಕ ವಾಹನಗಳನ್ನು ಸಾಲಾಗಿ ನಿಲ್ಲಿಸಿ ಕಾದರು. ಬೀಚ್‌ಕ್ರಾಫ್ಟ್ ಸಿ-90 ವಿಮಾನ ಚಕ್ರಗಳನ್ನೇ ಹೊರಬಿಡದೆ ಹೊಟ್ಟೆಯ ಮೇಲೆ ಜಾರಿಕೊಂಡು ಇಳಿಯಿತು. ರೋಗಿಯೂ ಸೇರಿ ಒಳಗಿದ್ದ ಐವರೂ ಬದುಕಿದರು.

ಮರುದಿನ ಎಲ್ಲ ಕಡೆ ಪೈಲಟ್‌ನ ಚಾಕಚಕ್ಯತೆಯೇ ಸುದ್ದಿ. ಅದು ಸಲ್ಲಬೇಕಾದ ಗೌರವವೇ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನೆಲದ ಮೇಲಿದ್ದ ಆ ವ್ಯಕ್ತಿ ಆ ಕ್ಷಣ ಬೇರೆ ಕಡೆ ತಿರುಗಿದ್ದರೆ? ಒಂದು ಚಕ್ರ ಇಲ್ಲ ಎಂಬ ಅರಿವಿಲ್ಲದೆ ಮಾಮೂಲಿ ಲ್ಯಾಂಡಿಂಗ್ ಮಾಡಿದ್ದರೆ ಏನಾಗುತ್ತಿತ್ತು ಎಂದು ಊಹಿಸಿಕೊಳ್ಳುವುದೂ ಕಷ್ಟ.

ವಿಮಾನ ಪ್ರಯಾಣ ಎಂದರೆ ನಮಗೆ ಪೈಲಟ್, ಗಗನಸಖಿ, ಕಿಟಕಿ ಪಕ್ಕದ ಸೀಟು. ಆದರೆ ಒಂದು ವಿಮಾನ ಸುರಕ್ಷಿತವಾಗಿ ಹಾರುತ್ತದೆಯೇ ಇಲ್ಲವೇ ಎಂಬುದರ ದೊಡ್ಡ ಪಾಲು ಅದು ನೆಲ ಬಿಡುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಅದನ್ನು ತೀರ್ಮಾನಿಸುವವರ ಹೆಸರು ಯಾವ ಅನೌನ್ಸ್‌ಮೆಂಟ್‌ನಲ್ಲೂ ಬರುವುದಿಲ್ಲ.

ಏನಿದು ಗ್ರೌಂಡ್ ಹ್ಯಾಂಡ್ಲಿಂಗ್?

ವಿಮಾನ ಬಂದು ನಿಂತಲ್ಲಿಂದ ಮತ್ತೆ ಹೊರಡುವವರೆಗೆ ಅದಕ್ಕೆ ಬೇಕಾದ ಎಲ್ಲ ಸೇವೆಗಳಿಗೂ ಒಟ್ಟಾಗಿ ಇರುವ ಹೆಸರೇ ಗ್ರೌಂಡ್ ಹ್ಯಾಂಡ್ಲಿಂಗ್. ಚೆಕ್-ಇನ್ ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಡುವುದು, ಬ್ಯಾಗ್ ಸಾಗಿಸುವುದು, ಏಣಿ ಹಚ್ಚುವುದು, ಒಳಗೆ ಕಸ ಗುಡಿಸುವುದು, ಊಟ ತುಂಬುವುದು, ಶೌಚಾಲಯದ ಟ್ಯಾಂಕ್ ಖಾಲಿ ಮಾಡುವುದು, ಇಂಧನ, ತೂಕದ ಲೆಕ್ಕ, ಕೊನೆಗೆ ವಿಮಾನವನ್ನು ಹಿಂದಕ್ಕೆ ತಳ್ಳಿ ಕಳುಹಿಸುವುದು, ಎಲ್ಲವೂ ಇದರಲ್ಲಿ ಬರುತ್ತವೆ. ವಿಮಾನಗಳು ನಿಲ್ಲುವ ಜಾಗಕ್ಕೆ ಏಪ್ರನ್ ಎನ್ನುತ್ತಾರೆ. ನಾವು ಬಸ್‌ನಲ್ಲಿ ಕೂತು ದಾಟುವ ಆ ಕಾಂಕ್ರೀಟ್ ಬಯಲೇ ಏಪ್ರನ್.

ಈ ಕೆಲಸ ಹೇಗೆ ನಡೆಯುತ್ತದೆಂದು ಅರ್ಥ ಮಾಡಿಕೊಳ್ಳಲು ದೆಹಲಿ, ಮುಂಬೈಗಿಂತ ನಾಗಪುರವೇ ಒಳ್ಳೆಯ ಉದಾಹರಣೆ. ಸೋನೆಗಾಂವ್‌ನಲ್ಲಿರುವ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ದೊಡ್ಡದೇನಲ್ಲ, ಇರುವುದು 3,200 ಮೀಟರ್ ಉದ್ದದ ಒಂದೇ ರನ್‌ವೇ. ಆದರೆ ಅದು ದೇಶದ ನಡುಮಧ್ಯದಲ್ಲಿದೆ. ಆ ಒಂದು ಕಾರಣಕ್ಕೆ ಭಾರತದ ವಿಮಾನಯಾನದ ಒಂದು ವಿಚಿತ್ರ ಅಧ್ಯಾಯ ಇಲ್ಲಿ ನಡೆದುಹೋಗಿದೆ.

ನಡುರಾತ್ರಿ ನಾಲ್ಕು ವಿಮಾನ, 12 ಕಟ್ಟು ಪತ್ರ

1949ರ ಜನವರಿ. ಸ್ವಾತಂತ್ರ್ಯ ಬಂದು ಇನ್ನೂ ಎರಡು ವರ್ಷವೂ ಆಗಿರಲಿಲ್ಲ. ಆಗಿನ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ಒತ್ತಾಸೆಯಿಂದ 'ನೈಟ್ ಏರ್ ಮೇಲ್' ಎಂಬ ರಾತ್ರಿ ಅಂಚೆ ವಿಮಾನ ಸೇವೆ ಶುರುವಾಯಿತು. ಯೋಜನೆ ಸರಳ. ದೆಹಲಿ, ಬಾಂಬೆ, ಕಲ್ಕತ್ತಾ, ಮದ್ರಾಸ್ ಈ ನಾಲ್ಕು ಊರುಗಳಿಂದ ರಾತ್ರಿ ಒಂದೊಂದು ಡಕೋಟಾ ವಿಮಾನ ಹೊರಡಬೇಕು. ನಾಲ್ಕೂ ನಡುರಾತ್ರಿಯ ಹೊತ್ತಿಗೆ ನಾಗಪುರಕ್ಕೆ ಬಂದು ಸೇರಬೇಕು. ಅಂಚೆ ಚೀಲಗಳನ್ನೂ ಪ್ರಯಾಣಿಕರನ್ನೂ ಪರಸ್ಪರ ಬದಲಾಯಿಸಿಕೊಂಡು ಬೆಳಗಾಗುವಷ್ಟರಲ್ಲಿ ತಂತಮ್ಮ ಊರಿಗೆ ಮರಳಬೇಕು. ಅದೇ ವರ್ಷದ ಏಪ್ರಿಲ್ 1ರಿಂದ ಹೆಚ್ಚುವರಿ ಶುಲ್ಕವಿಲ್ಲದೆ ಸಾಮಾನ್ಯ ಪತ್ರಗಳನ್ನೂ ವಿಮಾನದಲ್ಲೇ ಸಾಗಿಸುವ ಯೋಜನೆ ಜಾರಿಗೆ ಬಂದಾಗ ಈ ನಡುರಾತ್ರಿಯ ಭೇಟಿಗೆ ಇನ್ನೂ ಮಹತ್ವ ಬಂತು.

ಲೆಕ್ಕ ಹಾಕಿ ನೋಡಿ. ನಾಲ್ಕು ವಿಮಾನ, ಪ್ರತಿಯೊಂದರಲ್ಲೂ ಉಳಿದ ಮೂರು ದಿಕ್ಕಿಗೆ ಹೋಗಬೇಕಾದ ಚೀಲಗಳು. ಅಂದರೆ 12 ಬೇರೆ ಬೇರೆ ಕಟ್ಟುಗಳು ಕತ್ತಲಲ್ಲಿ ಒಂದು ವಿಮಾನದಿಂದ ಇಳಿದು ಸರಿಯಾದ ಇನ್ನೊಂದನ್ನು ಹತ್ತಬೇಕು. ಕಂಪ್ಯೂಟರ್ ಇಲ್ಲ, ಬಾರ್‌ಕೋಡ್ ಇಲ್ಲ, ಕನ್ವೇಯರ್ ಬೆಲ್ಟ್ ಇಲ್ಲ. ಒಂದು ವಿಮಾನ ತಡವಾದರೆ ಉಳಿದ ಮೂರೂ ಕಾಯಬೇಕು. ಒಂದು ಚೀಲ ತಪ್ಪಾಗಿ ಹತ್ತಿದರೆ ಮದ್ರಾಸಿಗೆ ಹೋಗಬೇಕಾದ ಪತ್ರ ಬೆಳಿಗ್ಗೆ ಕಲ್ಕತ್ತೆಯಲ್ಲಿ. ಇಡೀ ಸೇವೆಯ ಜುಟ್ಟು ಹಾರಿಸುವವರ ಕೈಗಿಂತ ಹೆಚ್ಚಾಗಿ ನಾಗಪುರದ ನೆಲದಲ್ಲಿ ಚೀಲ ಹೊರುವವರ ಕೈಯಲ್ಲಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಅಮೆರಿಕದ ಫೆಡೆಕ್ಸ್ ಕಂಪನಿ ಎಲ್ಲ ಪಾರ್ಸೆಲ್‌ಗಳನ್ನೂ ರಾತ್ರೋರಾತ್ರಿ ಮೆಂಫಿಸ್ ನಗರಕ್ಕೆ ತಂದು, ವಿಂಗಡಿಸಿ, ಬೆಳಗಿನೊಳಗೆ ದೇಶದ ಮೂಲೆ ಮೂಲೆಗೆ ತಲುಪಿಸುವ ವ್ಯವಸ್ಥೆಯನ್ನು ಆರಂಭಿಸಿದ್ದು 1973ರಲ್ಲಿ. ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಅದನ್ನೇ ಇಂದಿಗೂ ಮಾದರಿಯೆಂದು ಹೇಳಿಕೊಡುತ್ತಾರೆ. ನಾಗಪುರ ಅದಕ್ಕೂ 24 ವರ್ಷ ಮುಂಚೆಯೇ ಅದೇ ಕೆಲಸ ಮಾಡಿತ್ತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹಾಗಂತ ಇದು ಬರೀ ಹೆಮ್ಮೆಯ ಕಥೆಯೂ ಅಲ್ಲ. ಸೂಕ್ತ ಸೌಲಭ್ಯಗಳಿಲ್ಲದೆ ರಾತ್ರಿ ಹಾರಾಟ ನಡೆಸುವುದನ್ನು ಜೆ.ಆರ್.ಡಿ. ಟಾಟಾ ವಿರೋಧಿಸಿದ್ದರು. 1953ರಲ್ಲಿ ಎಂಟು ಖಾಸಗಿ ಸಂಸ್ಥೆಗಳನ್ನು ರಾಷ್ಟ್ರೀಕರಿಸಿ ಇಂಡಿಯನ್ ಏರ್‌ಲೈನ್ಸ್ ರಚನೆಯಾದ ಮೇಲೂ ರಾತ್ರಿ ಅಂಚೆ ಮುಂದುವರಿಯಿತು. ಅದೇ ವರ್ಷ ಡಿಸೆಂಬರ್ 12ರಂದು ನಾಗಪುರದಿಂದ ಮೇಲೇರಿದ ಡಕೋಟಾ ಸ್ವಲ್ಪದರಲ್ಲೇ ಪತನಗೊಂಡು 13 ಮಂದಿ ಸತ್ತರು.

ಆ ಅರ್ಧ ಗಂಟೆಯಲ್ಲಿ ಏನು ನಡೆಯುತ್ತೆ?

ಈಗ ಇಂದಿಗೆ ಬರೋಣ. ಎ320 ಅಥವಾ ಬೋಯಿಂಗ್ 737 ಮಾದರಿಯ ವಿಮಾನವೊಂದು ಬಂದಿಳಿದು ಮತ್ತೆ ಹೊರಡಲು ಕಡಿಮೆ ದರದ ವಿಮಾನ ಸಂಸ್ಥೆಗಳು ಇಟ್ಟುಕೊಳ್ಳುವ ಅವಧಿ ಹೆಚ್ಚುಕಡಿಮೆ ಅರ್ಧ ಗಂಟೆ. ವಿಮಾನ ಗಾಳಿಯಲ್ಲಿದ್ದರೆ ಮಾತ್ರ ದುಡಿಮೆ, ನೆಲದಲ್ಲಿ ನಿಂತರೆ ನಷ್ಟ. ಹಾಗಾಗಿ ಪ್ರತಿ ನಿಮಿಷಕ್ಕೂ ಲೆಕ್ಕ.

ಕೈಯಲ್ಲಿ ಎರಡು ಕೋಲು ಹಿಡಿದ ಮಾರ್ಷಲರ್ ವಿಮಾನವನ್ನು ಹಳದಿ ಗೆರೆಯ ಮೇಲೆ ಕರೆತಂದು ನಿಲ್ಲಿಸುತ್ತಾರೆ. ಚಕ್ರಗಳ ಹಿಂದೆ ಮುಂದೆ ಚಾಕ್ ಎಂಬ ಅಡ್ಡಗಟ್ಟೆ ಇಡುತ್ತಾರೆ. ಎತ್ತಿನ ಗಾಡಿಯ ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಅದೇ ಉಪಾಯ. ಎಂಜಿನ್ ಪೂರ್ತಿ ನಿಂತು, ವಿಮಾನದ ಮೈಮೇಲೆ ಮಿನುಗುವ ಕೆಂಪು ದೀಪ ಆರುವ ತನಕ ಯಾರೂ ಎಂಜಿನ್ ಹತ್ತಿರ ಸುಳಿಯುವಂತಿಲ್ಲ. ಆ ದೀಪ ಉರಿಯುತ್ತಿದೆ ಎಂದರೆ ಎಂಜಿನ್ ಓಡುತ್ತಿದೆ ಅಥವಾ ಈಗ ಶುರುವಾಗಲಿದೆ ಎಂದರ್ಥ. ರೆಕ್ಕೆಯ ತುದಿ, ಎಂಜಿನ್, ಬಾಲದ ಬಳಿ ಕಿತ್ತಳೆ ಬಣ್ಣದ ಕೋನ್‌ಗಳನ್ನು ಇಟ್ಟು ವಾಹನಗಳಿಗೆ ಗಡಿ ಹಾಕುತ್ತಾರೆ.

ನಂತರ ಕರೆಂಟ್. ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ವಿಮಾನಕ್ಕೆ ಬೇಕಿರುವುದು 115 ವೋಲ್ಟ್, 400 ಹರ್ಟ್ಸ್. ಅದನ್ನು ಪೂರೈಸಲು ಗ್ರೌಂಡ್ ಪವರ್ ಯೂನಿಟ್ ಎಂಬ ಗಾಡಿಯೇ ಬರುತ್ತದೆ. ಅದು ಇಲ್ಲದಿದ್ದರೆ ವಿಮಾನದ ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್ ಓಡಬೇಕು, ಸುಮ್ಮನೆ ಇಂಧನ ಖರ್ಚು.

ಅಷ್ಟರಲ್ಲಿ ಒಂದು ಬದಿಯಲ್ಲಿ ಪ್ರಯಾಣಿಕರು ಇಳಿಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ಬೆಲ್ಟ್ ಲೋಡರ್ ಹಚ್ಚಿ ಬ್ಯಾಗ್ ಇಳಿಸುತ್ತಿರುತ್ತಾರೆ. ಇಲ್ಲೊಂದು ವಿಷಯ ಹೇಳಲೇಬೇಕು. ಈ ವಿಮಾನಗಳ ಹೊಟ್ಟೆಯಲ್ಲಿರುವ ಸಾಮಾನಿನ ಕೋಣೆಯ ಎತ್ತರ ಸುಮಾರು ಒಂದೂಕಾಲು ಮೀಟರ್, ಅಷ್ಟೇ. ಒಳಗೆ ಯಾರೂ ನೆಟ್ಟಗೆ ನಿಲ್ಲಲಾಗದು. ಲೋಡರ್‌ಗಳು ಮಂಡಿಯೂರಿ ಅಥವಾ ಬೆನ್ನು ಬಗ್ಗಿಸಿ ಒಂದೊಂದೇ ಬ್ಯಾಗ್ ಎಳೆದು ಜೋಡಿಸಬೇಕು. ನಿಮ್ಮ 15 ಕೆ.ಜಿ. ಸೂಟ್‌ಕೇಸ್ ಅವರ ಪಾಲಿಗೆ ಆ ದಿನದ ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. ಬ್ಯಾಗ್ ಮೇಲೆ ಗೀರು ಬಿದ್ದಿದೆ ಎಂದು ಬೈಯುವ ಮುಂಚೆ ಇದೊಂದು ಚಿತ್ರ ಕಣ್ಣ ಮುಂದೆ ಬಂದರೆ ಒಳ್ಳೆಯದು.

ಶೌಚದ ಟ್ಯಾಂಕ್ ಖಾಲಿ ಮಾಡುವವರು ಅದೇ ಕೈಯಲ್ಲಿ ಕುಡಿಯುವ ನೀರಿನ ಗಾಡಿ ಮುಟ್ಟಬಾರದು ಎಂಬ ನಿಯಮವೂ ಇದೆ. ಕಾರಣ ವಿವರಿಸಬೇಕಾಗಿಲ್ಲ!

ಇಂಧನ: ಲೀಟರ್ ಮತ್ತು ಕಿಲೋ ನಡುವಿನ ಅಂತರ

ಇಂಧನ ತುಂಬುವಾಗ ಸೀಟ್ ಬೆಲ್ಟ್ ಬಿಚ್ಚಿಡಿ ಎಂದು ಅನೌನ್ಸ್ ಮಾಡುವುದನ್ನು ಕೇಳಿರುತ್ತೀರಿ. ಬೆಂಕಿ ಹೊತ್ತಿಕೊಂಡರೆ ಕೂಡಲೇ ಎದ್ದು ಓಡಲು ಅನುವಾಗಲಿ ಎಂಬುದೇ ಅದರ ಹಿಂದಿನ ಕಾರಣ. ಇಂಧನ ಕೊಳವೆಯಲ್ಲಿ ಹರಿಯುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಕಿಡಿ ಹಾರದಿರಲೆಂದು ಮೊದಲು ಗಾಡಿಗೂ ವಿಮಾನಕ್ಕೂ ತಂತಿ ಕಟ್ಟಿ ಬೆಸೆಯುತ್ತಾರೆ. ಇಂಧನದಲ್ಲಿ ನೀರು ಸೇರಿದೆಯೇ ಎಂದು ಮಾದರಿ ತೆಗೆದು ನೋಡುತ್ತಾರೆ.

ಇಷ್ಟೆಲ್ಲ ಸರಿ ಮಾಡಿದರೂ ಎಡವಟ್ಟಾಗಬಹುದಾದ ಜಾಗ ಬೇರೆಯೇ ಇದೆ. ಇಂಧನದ ಗಾಡಿ ಅಳೆಯುವುದು ಲೀಟರ್‌ನಲ್ಲಿ, ಪೈಲಟ್‌ಗೆ ಬೇಕಿರುವುದು ತೂಕ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ 22,300 ಕೆ.ಜಿ. ಇಂಧನ ಬೇಕಿತ್ತು. ಆ ದೇಶ ಆಗಷ್ಟೇ ಪೌಂಡ್‌ನಿಂದ ಕಿಲೋಗೆ ಬದಲಾಗುತ್ತಿತ್ತು. ವಿಮಾನದ ಇಂಧನ ಮಾಪಕ ಕೆಟ್ಟಿದ್ದರಿಂದ ಕೈಯಲ್ಲೇ ಲೆಕ್ಕ ಹಾಕಿದರು. ಲೀಟರಿಗೆ 0.8 ಕೆ.ಜಿ. ಎಂದು ಗುಣಿಸಬೇಕಾದಲ್ಲಿ ಲೀಟರಿಗೆ 1.77 ಪೌಂಡ್ ಎಂಬ ಹಳೆಯ ಸಂಖ್ಯೆಯಿಂದ ಗುಣಿಸಿದರು. ತುಂಬಿದ್ದು ಬೇಕಾದದ್ದರ ಅರ್ಧಕ್ಕಿಂತ ಕಡಿಮೆ! ನಡುದಾರಿಯಲ್ಲಿ ಎರಡೂ ಎಂಜಿನ್ ನಿಂತವು. ಪೈಲಟ್ ಗ್ಲೈಡರ್ ಹಾರಿಸಿ ಅಭ್ಯಾಸವಿದ್ದವರು. ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ತೇಲಿಸಿಕೊಂಡು ಬಂದು ಇಳಿಸಿದರು, 69 ಮಂದಿಯೂ ಉಳಿದರು. ತಪ್ಪು ನಡೆದದ್ದು ಆಕಾಶದಲ್ಲಲ್ಲ, ನೆಲದ ಮೇಲೆ ಒಂದು ಹಾಳೆಯಲ್ಲಿ.

'ಮಿಸ್' ಎಂದರೆ ಮಗುವೇ?

ಅಂಥದ್ದೇ ಇನ್ನೊಂದು ಹಾಳೆ ಲೋಡ್ ಶೀಟ್. ವಿಮಾನದಲ್ಲಿ ಎಷ್ಟು ಜನ, ಎಲ್ಲಿ ಕೂತಿದ್ದಾರೆ, ಸಾಮಾನು ಎಷ್ಟು, ಮುಂದಿನ ಕೋಣೆಯಲ್ಲಿ ಎಷ್ಟು, ಹಿಂದೆ ಎಷ್ಟು ಎಂಬ ಲೆಕ್ಕವೆಲ್ಲ ಇದರಲ್ಲಿ. ತಕ್ಕಡಿಯ ಹಾಗೆ ವಿಮಾನಕ್ಕೂ ಒಂದು ಸಮತೋಲನದ ಬಿಂದು ಇರುತ್ತದೆ. ತೂಕ ಹಿಂದಕ್ಕೆ ಹೆಚ್ಚಾದರೆ ಮೂತಿ ತಾನಾಗಿ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಏಳುವುದೇ ಇಲ್ಲ. ರನ್‌ವೇಯಲ್ಲಿ ಎಷ್ಟು ವೇಗಕ್ಕೆ ಮೇಲೆತ್ತಬೇಕು ಎಂಬುದನ್ನು ಪೈಲಟ್ ನಿರ್ಧರಿಸುವುದೂ ಈ ಹಾಳೆಯ ಅಂಕಿಗಳಿಂದಲೇ.

ಪ್ರಯಾಣಿಕರನ್ನು ಯಾರೂ ತೂಗುವುದಿಲ್ಲ, ಗಂಡಸಿಗೆ ಇಷ್ಟು, ಹೆಂಗಸಿಗೆ ಇಷ್ಟು, ಮಗುವಿಗೆ ಇಷ್ಟು ಎಂದು ಸರಾಸರಿ ತೂಕ ಹಿಡಿಯುತ್ತಾರೆ. 2020ರ ಜುಲೈ 21ರಂದು ಬ್ರಿಟನ್‌ನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ನ ಮಯೋರ್ಕಾ ದ್ವೀಪಕ್ಕೆ ಹೊರಟ ಟುಯಿ ಸಂಸ್ಥೆಯ ವಿಮಾನದಲ್ಲಿ ಏನಾಯಿತು ನೋಡಿ. ಹೆಸರಿನ ಮುಂದೆ 'ಮಿಸ್' ಎಂದಿದ್ದ 38 ಮಹಿಳೆಯರನ್ನು ಸಾಫ್ಟ್‌ವೇರ್ ಮಕ್ಕಳೆಂದು ಎಣಿಸಿತು. ತಲಾ 69 ಕೆ.ಜಿ. ಹಿಡಿಯಬೇಕಾದಲ್ಲಿ 35 ಕೆ.ಜಿ. ಹಿಡಿಯಿತು. ಸಾಫ್ಟ್‌ವೇರ್ ಬರೆದ ದೇಶದಲ್ಲಿ 'ಮಿಸ್' ಎಂದರೆ ಹೆಣ್ಣುಮಗು, ದೊಡ್ಡ ಹೆಂಗಸರಿಗೆ 'ಮಿಜ್' (Ms) ಎಂಬ ಬೇರೆಯೇ ಪದ! ಹಾಳೆಯಲ್ಲಿದ್ದದ್ದಕ್ಕಿಂತ ಸುಮಾರು 1,200 ಕೆ.ಜಿ. ಹೆಚ್ಚು ತೂಕದೊಂದಿಗೆ ವಿಮಾನ ಮೇಲೇರಿತು. ಅದೃಷ್ಟಕ್ಕೆ ಏನೂ ಆಗಲಿಲ್ಲ, ಆದರೆ ಬ್ರಿಟನ್‌ನ ತನಿಖಾ ಸಂಸ್ಥೆ ಇದನ್ನು ಗಂಭೀರ ಘಟನೆ ಎಂದೇ ದಾಖಲಿಸಿತು.

2013ರ ಏಪ್ರಿಲ್ 29ರಂದು ಅಫ್ಗಾನಿಸ್ತಾನದ ಬಾಗ್ರಾಮ್‌ನಲ್ಲಿ ಅದೃಷ್ಟ ಕೈಕೊಟ್ಟಿತು. ಬೋಯಿಂಗ್ 747 ಸರಕು ವಿಮಾನದೊಳಗೆ ಸರಿಯಾಗಿ ಕಟ್ಟದ ಸೇನಾ ವಾಹನ ಟೇಕಾಫ್ ವೇಳೆ ಹಿಂದಕ್ಕೆ ಜಾರಿತು. ಏಳು ಸಿಬ್ಬಂದಿಯೂ ಸತ್ತರು.

ಹೊರಡುವ ಗಳಿಗೆಯೇ ಅಪಾಯದ ಗಳಿಗೆ

ಪ್ರಯಾಣಿಕ ವಿಮಾನಕ್ಕೆ ಕಾರಿನಂತೆ ರಿವರ್ಸ್ ಗೇರ್ ಇಲ್ಲ. ಆದ್ದರಿಂದ ಟಗ್ ಎಂಬ ಕುಳ್ಳಗಿನ ಭಾರಿ ವಾಹನ ಅದನ್ನು ಹಿಂದಕ್ಕೆ ತಳ್ಳಬೇಕು. ಇದಕ್ಕೆ ಪುಷ್‌ಬ್ಯಾಕ್ ಎನ್ನುತ್ತಾರೆ. ಟಗ್ ಮತ್ತು ವಿಮಾನದ ಮೂತಿಯ ಚಕ್ರದ ನಡುವೆ ಟೋ ಬಾರ್ ಎಂಬ ಉದ್ದನೆಯ ಕಂಬಿ. ಅದರಲ್ಲೊಂದು ಪುಟ್ಟ ಪಿನ್ ಇರುತ್ತದೆ. ಹೆಚ್ಚು ಒತ್ತಡ ಬಿದ್ದರೆ ಮುರಿಯಲೆಂದೇ ಮಾಡಿದ ಪಿನ್ ಅದು. ಕೋಟಿಗಟ್ಟಲೆ ಬೆಲೆಯ ಚಕ್ರ ಮುರಿಯುವ ಬದಲು ಆ ಪಿನ್ ಮುರಿಯಲಿ ಎಂಬುದು ಲೆಕ್ಕಾಚಾರ.

ಪೈಲಟ್ ತನ್ನ ಕಡೆಯಿಂದ ಚಕ್ರ ತಿರುಗಿಸದಂತೆ ಸ್ಟೇರಿಂಗ್ ನಿಷ್ಕ್ರಿಯಗೊಳಿಸಲು ಇನ್ನೊಂದು ಪಿನ್ ಹಾಕುತ್ತಾರೆ, ಅದಕ್ಕೆ ಕೆಂಪು ರಿಬ್ಬನ್ ಕಟ್ಟಿರುತ್ತದೆ. ಹೆಡ್‌ಸೆಟ್ ಹಾಕಿದ ಒಬ್ಬರು ವಿಮಾನದ ಪಕ್ಕದಲ್ಲೇ ನಡೆಯುತ್ತ ಪೈಲಟ್ ಜೊತೆ ಮಾತಾಡುತ್ತಿರುತ್ತಾರೆ. ಎಂಜಿನ್ ಶುರುವಾಗುವುದೂ ಇದೇ ಹೊತ್ತಿನಲ್ಲಿ. ಅಂದರೆ ಓಡುವ ಎಂಜಿನ್‌ಗೂ ಮನುಷ್ಯರಿಗೂ ಅಂತರ ಅತಿ ಕಡಿಮೆಯಿರುವ ಸಮಯ ಇದೇ.

2015ರ ಡಿಸೆಂಬರ್ 16ರಂದು ಮುಂಬೈನಲ್ಲಿ ಹೈದರಾಬಾದ್‌ಗೆ ಹೊರಟಿದ್ದ ಏರ್ ಇಂಡಿಯಾದ ಎ319 ವಿಮಾನದ ಪುಷ್‌ಬ್ಯಾಕ್ ಮುಗಿಯುತ್ತಿತ್ತು. ನೆಲದ ಸಿಬ್ಬಂದಿ ಇನ್ನೂ ದೂರ ಸರಿದಿರಲಿಲ್ಲ. ಸೂಚನೆಯನ್ನು ಕಾಕ್‌ಪಿಟ್‌ನಲ್ಲಿ ತಪ್ಪಾಗಿ ಗ್ರಹಿಸಿ ವಿಮಾನ ಮುಂದಕ್ಕೆ ಚಲಿಸಿತು. ಅಲ್ಲೇ ನಿಂತಿದ್ದ ತಂತ್ರಜ್ಞರೊಬ್ಬರನ್ನು ಎಂಜಿನ್ ಒಳಗೆಳೆದುಕೊಂಡಿತು. 2019ರ ಜುಲೈ 10ರ ನಸುಕಿನಲ್ಲಿ ಕೋಲ್ಕತ್ತದಲ್ಲಿ ಸ್ಪೈಸ್‌ಜೆಟ್‌ನ ತರಬೇತಿ ತಂತ್ರಜ್ಞರೊಬ್ಬರು ಕ್ಯೂ400 ವಿಮಾನದ ಚಕ್ರದ ಬಾಗಿಲಿಗೆ ಸಿಲುಕಿ ಸತ್ತರು. ಎರಡೂ ಘಟನೆಯಲ್ಲಿ ಯಾವ ಪ್ರಯಾಣಿಕರಿಗೂ ಏನೂ ಆಗಲಿಲ್ಲ. ಬಹುಶಃ ಆ ಕಾರಣಕ್ಕೇ ಸುದ್ದಿ ಎರಡೇ ದಿನಕ್ಕೆ ತಣ್ಣಗಾಯಿತು.

ನಮ್ಮ ಬೆಂಗಳೂರಿನ ವಿಡಿಯೊ ನೆನಪಿರಬಹುದು. 2025ರ ಏಪ್ರಿಲ್ 18ರಂದು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಟೆಂಪೊ ಟ್ರಾವೆಲರ್ ಒಂದು ನಿಂತಿದ್ದ ಇಂಡಿಗೊ ವಿಮಾನದ ಅಡಿಗೆ ನುಗ್ಗಿತ್ತು. ವಾಹನದ ಮೇಲ್ಛಾವಣಿ ನುಜ್ಜುಗುಜ್ಜು. ಚಾಲಕ ತೂಕಡಿಸಿದ್ದೇ ಕಾರಣ ಎಂಬ ವರದಿಗಳು ಬಂದವು. ಅದು ಸೇವೆಯಲ್ಲಿಲ್ಲದೆ ನಿಲ್ಲಿಸಿದ್ದ ವಿಮಾನ ಎಂಬುದೊಂದೇ ಸಮಾಧಾನ. ಮೀಮ್‌ಗಳು ಬೇಕಾದಷ್ಟು ಬಂದವು. ಆ ಚಾಲಕ ಎಷ್ಟು ಗಂಟೆಯಿಂದ ಕೆಲಸದಲ್ಲಿದ್ದ ಎಂದು ಕೇಳಿದವರು ಮಾತ್ರ ಕಡಿಮೆ. ಇಂಥ ಗುದ್ದುಗಳಿಂದ ಜಗತ್ತಿನಾದ್ಯಂತ ಆಗುವ ನಷ್ಟ 2035ರ ವೇಳೆಗೆ ವರ್ಷಕ್ಕೆ 1,000 ಕೋಟಿ ಡಾಲರ್ ಸಮೀಪಿಸಬಹುದು ಎಂದು ವಿಮಾನ ಸಂಸ್ಥೆಗಳ ಒಕ್ಕೂಟ ಐಎಟಿಎ ಅಂದಾಜಿಸಿದೆ.

ಏಪ್ರನ್ ಮತ್ತು ರನ್‌ವೇ ಮೇಲೆ ಬಿದ್ದ ಒಂದು ನಟ್, ಒಂದು ತಗಡಿನ ಚೂರು ಕೂಡ ಅಪಾಯವೇ. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ಪತನಗೊಂಡು 113 ಮಂದಿ ಸಾಯಲು ಮೂಲ, ಅದಕ್ಕೂ ಕೆಲವೇ ನಿಮಿಷ ಮುಂಚೆ ಹಾರಿದ್ದ ಬೇರೊಂದು ವಿಮಾನದಿಂದ ಉದುರಿದ್ದ ಲೋಹದ ಪಟ್ಟಿ. ಅದಕ್ಕಾಗಿಯೇ ದಿನಕ್ಕೆ ಹಲವು ಬಾರಿ ರನ್‌ವೇ ತಪಾಸಣೆ ನಡೆಯುತ್ತದೆ, ಹಕ್ಕಿ ಓಡಿಸುವ ತಂಡವೂ ಇರುತ್ತದೆ. ಆದರೂ 2025ರ ಸೆಪ್ಟೆಂಬರ್ 2ರಂದು ನಾಗಪುರದಿಂದ ಕೋಲ್ಕತ್ತಕ್ಕೆ ಹೊರಟ ಇಂಡಿಗೊ ವಿಮಾನ ಹಕ್ಕಿ ಬಡಿದು ವಾಪಸಾಗಬೇಕಾಯಿತು.

ನಾಗಪುರದ ಬಿಸಿಲಲ್ಲಿ ವಿಮಾನಕ್ಕೂ ಏದುಸಿರು

2013ರ ಮೇ 23ರಂದು ನಾಗಪುರದಲ್ಲಿ 47.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬೇಸಿಗೆಯಲ್ಲಿ 45 ಡಿಗ್ರಿ ಇಲ್ಲಿ ಅಪರೂಪವಲ್ಲ. ಬಿಸಿ ಗಾಳಿ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೂ ಹಿಡಿತ ಕಡಿಮೆ, ಎಂಜಿನ್‌ಗೂ ಶಕ್ತಿ ಕಡಿಮೆ. ನಾಗಪುರ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಇರುವುದು ಸುಮಾರು 315 ಮೀಟರ್ ಎತ್ತರದಲ್ಲಿ. ಆದರೆ 45 ಡಿಗ್ರಿ ಬಿಸಿಲಿದ್ದಾಗ ಲೆಕ್ಕ ಹಾಕಿದರೆ ಗಾಳಿಯ ಸಾಂದ್ರತೆ ಸುಮಾರು 1,450 ಮೀಟರ್ ಎತ್ತರದಲ್ಲಿ ಇರಬೇಕಾದಷ್ಟೇ ಇರುತ್ತದೆ. ಅಂದರೆ ವಿಮಾನದ ಮಟ್ಟಿಗೆ ಅದು ಕೆಮ್ಮಣ್ಣುಗುಂಡಿಯಿಂದ ಟೇಕಾಫ್ ಆದಂತೆ, ತಂಪು ಮಾತ್ರ ಇಲ್ಲ! ಆಗ ರನ್‌ವೇಯಲ್ಲಿ ಹೆಚ್ಚು ದೂರ ಓಡಬೇಕು, ಕೆಲವೊಮ್ಮೆ ತೂಕವನ್ನೂ ಇಳಿಸಬೇಕು. ಲೋಡ್ ಶೀಟ್‌ನ ಅಂಕಿ ಸರಿಯಿರಬೇಕಾದ ಅಗತ್ಯ ಇಂಥ ಮಧ್ಯಾಹ್ನಗಳಲ್ಲಿ ಇಮ್ಮಡಿಯಾಗುತ್ತದೆ.

ಕೆಲಸಗಾರರ ಪಾಡು? ನೆರಳಿಲ್ಲದ ಕಾಂಕ್ರೀಟ್ ಬಯಲು, ಸುತ್ತ ಡೀಸೆಲ್ ಗಾಡಿಗಳು, ಸಹಾಯಕ ಎಂಜಿನ್‌ನ ಬಿಸಿಗಾಳಿ, ಕಿವಿಗೆ ರಕ್ಷಾಕವಚ, ಮೈಮೇಲೆ ಹೊಳೆಯುವ ಜಾಕೆಟ್. ವಿಮಾನದ ಹೊಟ್ಟೆಯೊಳಗೆ ಮಂಡಿಯೂರಿದವರಿಗೆ ಗಾಳಿಯೂ ಇಲ್ಲ. ವೇಳಾಪಟ್ಟಿಯಲ್ಲಿ ಮೇ ತಿಂಗಳಿಗೂ ಡಿಸೆಂಬರ್‌ಗೂ ಅದೇ ಅರ್ಧ ಗಂಟೆ. ಇಷ್ಟಾಗಿಯೂ ಈ ಕೆಲಸಕ್ಕೆ ಎಂಥ ಬೇಡಿಕೆ ಇದೆ ಎಂಬುದು 2024ರ ಜುಲೈನಲ್ಲಿ ಮುಂಬೈನ ಕಲೀನಾದಲ್ಲಿ ಗೊತ್ತಾಯಿತು. ಲೋಡರ್ ಕೆಲಸದ ನೇರ ನೇಮಕಾತಿಗೆ ಸಾವಿರಾರು ಯುವಕರು ಮುಗಿಬಿದ್ದು ನೂಕುನುಗ್ಗಲು ಉಂಟಾಯಿತು, ಕೊನೆಗೆ ಅರ್ಜಿ ಕೊಟ್ಟು ಹೋಗಿ ಎಂದು ಕಳುಹಿಸಬೇಕಾಯಿತು. ಸಂಬಳ ತಿಂಗಳಿಗೆ 20ರಿಂದ 25 ಸಾವಿರ ರೂಪಾಯಿ.

ಹೇಳದೆ ಕೇಳದೆ ಬರುವ ಅತಿಥಿಗಳು

ನಡುಮಧ್ಯದ ಊರಿಗೆ ಇನ್ನೊಂದು ಹೊಣೆಯೂ ಅಂಟಿಕೊಂಡಿದೆ. ದೇಶದ ಮೇಲೆ ಅಡ್ಡಹಾಯುವ ವಿಮಾನಗಳಿಗೆ ತುರ್ತು ಬಂದರೆ ಹತ್ತಿರದ ದೊಡ್ಡ ರನ್‌ವೇ ಹಲವು ಬಾರಿ ನಾಗಪುರದ್ದೇ.

2021ರ ಆಗಸ್ಟ್ 27ರಂದು ಮಸ್ಕತ್‌ನಿಂದ ಢಾಕಾಕ್ಕೆ ಹೋಗುತ್ತಿದ್ದ ಬಿಮಾನ್ ಬಾಂಗ್ಲಾದೇಶ್ ವಿಮಾನದ ಕ್ಯಾಪ್ಟನ್‌ಗೆ ಆಕಾಶದಲ್ಲೇ ಹೃದಯಾಘಾತವಾಯಿತು. ಸಹ ಪೈಲಟ್ ವಿಮಾನವನ್ನು ನಾಗಪುರದಲ್ಲಿ ಇಳಿಸಿದರು. 124 ಪ್ರಯಾಣಿಕರು ಸುರಕ್ಷಿತ. ಕ್ಯಾಪ್ಟನ್‌ರನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿದರೂ ಮೂರು ದಿನಗಳ ನಂತರ ಅವರು ಕೊನೆಯುಸಿರೆಳೆದರು. 2025ರ ಫೆಬ್ರವರಿಯಲ್ಲಿ ಅದೇ ಸಂಸ್ಥೆಯ ಢಾಕಾ–ದುಬೈ ವಿಮಾನ ತಾಂತ್ರಿಕ ದೋಷದಿಂದ ನಡುರಾತ್ರಿ ಇಲ್ಲಿಳಿಯಿತು. ಅದರಲ್ಲಿದ್ದವರು 396 ಪ್ರಯಾಣಿಕರು.

ಈ ಎರಡನೆಯದನ್ನು ನೆಲದಲ್ಲಿ ನಿಂತವರ ಕಣ್ಣಿಂದ ನೋಡಿ. ದಿನವೂ ಎ320 ನೋಡಿಕೊಳ್ಳುವ ತಂಡದ ಮುಂದೆ ಅದರ ದುಪ್ಪಟ್ಟು ಜನರಿರುವ ಬೋಯಿಂಗ್ 777 ಬಂದು ನಿಲ್ಲುತ್ತದೆ. ಏಣಿ ಇನ್ನೂ ಎತ್ತರ ಬೇಕು. ಟೋ ಬಾರ್ ಒಂದೊಂದು ಮಾದರಿಗೆ ಒಂದೊಂದು, ಎ320ರದ್ದು 777ಕ್ಕೆ ಹೊಂದದು. ಪ್ರಯಾಣಿಕರ ಬಳಿ ಭಾರತದ ವೀಸಾ ಇಲ್ಲದಿದ್ದರೆ ಊರೊಳಗೆ ಬಿಡುವಂತಿಲ್ಲ. ನಡುರಾತ್ರಿ ನೂರಾರು ಜನರಿಗೆ ನೀರು, ಊಟ, ಮಕ್ಕಳಿಗೆ ಹಾಲು ಹೊಂದಿಸಬೇಕು, ಬದಲಿ ವಿಮಾನ ಬರುವವರೆಗೆ ಗಂಟೆಗಟ್ಟಲೆ ಕಾಯಿಸಬೇಕು.

ಕೆಲವು ಅತಿಥಿಗಳು ಹೋಗುವುದೇ ಇಲ್ಲ! 1991ರಲ್ಲಿ ಕಾಂಟಿನೆಂಟಲ್ ಏವಿಯೇಷನ್ ಎಂಬ ಸಂಸ್ಥೆಯ ಬೋಯಿಂಗ್ 720 ನಾಗಪುರದಲ್ಲಿ ಇಳಿಯಿತು. ಆಮೇಲೆ ಅದನ್ನು ಕೇಳುವವರೇ ಬರಲಿಲ್ಲ. ರನ್‌ವೇಗೆ ಹತ್ತಿರದಲ್ಲೇ ಎರಡು ದಶಕಕ್ಕೂ ಹೆಚ್ಚು ಕಾಲ ಅದು ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿತ್ತು. ಟಯರ್ ಸತ್ತ ನಾಲ್ಕು ಎಂಜಿನ್‌ನ ವಿಮಾನವನ್ನು ಸರಿಸುವುದೂ ಗ್ರೌಂಡ್ ಆಪರೇಷನ್‌ನ ಭಾಗವೇ.

ಈ ಕೆಲಸ ಮಾಡುವವರು ಯಾರು?

ಹೆಚ್ಚಿನವರು ತಿಳಿದಂತೆ ವಿಮಾನದ ಮೇಲೆ ಹೆಸರಿರುವ ಸಂಸ್ಥೆಯೇ ಎಲ್ಲವನ್ನೂ ಮಾಡುವುದಿಲ್ಲ. ಇಂಡಿಗೊ ತನ್ನ ಅಂಗಸಂಸ್ಥೆ ಅಜೈಲ್ ಮೂಲಕ ಮಾಡಿಸಿಕೊಳ್ಳುತ್ತದೆ. ಸರ್ಕಾರದ ಕೈಯಲ್ಲೇ ಉಳಿದಿರುವ ಎಐ ಏರ್‌ಪೋರ್ಟ್ ಸರ್ವಿಸಸ್ ದೇಶದ ಅನೇಕ ನಿಲ್ದಾಣಗಳಲ್ಲಿದೆ. ದೊಡ್ಡ ಊರುಗಳಲ್ಲಿ ವಿದೇಶಿ ಪಾಲುದಾರಿಕೆಯ ಕಂಪನಿಗಳೂ ಇವೆ.

ಈ ಹೆಸರುಗಳು ಸಾಮಾನ್ಯ ಓದುಗರ ಕಿವಿಗೆ ಬಿದ್ದದ್ದು 2025ರ ಮೇ 15ರಂದು. ಆಪರೇಷನ್ ಸಿಂಧೂರದ ಬಳಿಕ ಟರ್ಕಿ ಪಾಕಿಸ್ತಾನದ ಪರ ನಿಂತಾಗ, ಟರ್ಕಿ ಮೂಲದ ಸೆಲೆಬಿ ಕಂಪನಿಗೆ ನೀಡಿದ್ದ ಭದ್ರತಾ ಅನುಮತಿಯನ್ನು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಹಿಂಪಡೆಯಿತು. ಬೆಂಗಳೂರು ಸೇರಿ ಒಂಬತ್ತು ನಿಲ್ದಾಣಗಳಲ್ಲಿ ಆ ಕಂಪನಿ ಕೆಲಸ ಮಾಡುತ್ತಿತ್ತು. ಜುಲೈ 7ರಂದು ದೆಹಲಿ ಹೈಕೋರ್ಟ್ ಕಂಪನಿಯ ಅರ್ಜಿ ವಜಾ ಮಾಡಿತು. ಏಪ್ರನ್ ಮೇಲೆ ಓಡಾಡುವವರಿಗೆ ವಿಮಾನದ ಮೈ ಮುಟ್ಟುವ, ಸರಕಿನ ಕೋಣೆ ತೆರೆಯುವ ಅವಕಾಶ ಇರುತ್ತದೆ. ಅದರಿಂದಲೇ ಈ ಅನುಮತಿಗೆ ಅಷ್ಟು ಬೆಲೆ.

ನಾಗಪುರ ನಿಲ್ದಾಣದ ಒಡೆತನದ್ದೂ ದೊಡ್ಡ ಕಥೆ. ಮಹಾರಾಷ್ಟ್ರ ಸರ್ಕಾರದ ಎಂಎಡಿಸಿ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಮಿಹಾನ್ ಇಂಡಿಯಾ ಲಿಮಿಟೆಡ್ ಇದನ್ನು ನಡೆಸುತ್ತಿತ್ತು. ಜಿಎಂಆರ್ ಗೆದ್ದ ಟೆಂಡರ್ 2020ರಲ್ಲಿ ರದ್ದಾಗಿ, ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2024ರ ಅಕ್ಟೋಬರ್‌ನಲ್ಲಿ ಒಪ್ಪಂದವಾಯಿತು. ಅದೇ ತಿಂಗಳ 9ರಂದು ಸುಮಾರು 7,000 ಕೋಟಿ ರೂಪಾಯಿ ವೆಚ್ಚದ ವಿಸ್ತರಣೆಗೆ ಪ್ರಧಾನಿ ಶಂಕುಸ್ಥಾಪನೆ ನೆರವೇರಿಸಿದರು. ಪಕ್ಕದ ಮಿಹಾನ್ ಪ್ರದೇಶದಲ್ಲಿ ಬೋಯಿಂಗ್ ಕಟ್ಟಿಕೊಟ್ಟ ವಿಮಾನ ದುರಸ್ತಿ ಕೇಂದ್ರ 2015ರಿಂದ ಇದೆ. ವಾಯುಪಡೆಯ ನಿರ್ವಹಣಾ ಕಮಾಂಡ್‌ನ ಮುಖ್ಯ ಕಚೇರಿಯೂ ಇದೇ ಊರಲ್ಲಿ. ವಿಮಾನ ಹಾರಿಸುವುದಕ್ಕಿಂತ ನೆಲದ ಮೇಲೆ ನೋಡಿಕೊಳ್ಳುವುದರಲ್ಲೇ ನಾಗಪುರಕ್ಕೆ ಹೆಸರು ಎನ್ನಬಹುದು.

ಮುಂದಿನ ಬಾರಿ ಕಿಟಕಿ ಸೀಟು ಸಿಕ್ಕರೆ ಬಾಗಿಲು ಮುಚ್ಚಿದ ಮೇಲೆ ಫೋನ್ ಬದಿಗಿಟ್ಟು ಹೊರಗೆ ನೋಡಿ. ಟಗ್ ಬಿಟ್ಟು ಹೋದ ಮೇಲೆ ಹಳದಿ ಜಾಕೆಟ್ ತೊಟ್ಟ ಒಬ್ಬರು ವಿಮಾನದಿಂದ ದೂರ ನಡೆದು, ತಿರುಗಿ ನಿಂತು, ಕೈ ಮೇಲೆತ್ತಿ ಕೆಂಪು ರಿಬ್ಬನ್ ತೋರಿಸುತ್ತಾರೆ. ಸ್ಟೇರಿಂಗ್ ಪಿನ್ ತೆಗೆದಾಯಿತು, ಅಡಿಯಲ್ಲಿ ಯಾರೂ ಇಲ್ಲ, ಇನ್ನು ಹೊರಡಬಹುದು ಎಂದು ಪೈಲಟ್‌ಗೆ ಹೇಳುವ ಸನ್ನೆ ಅದು. ಕಾಕ್‌ಪಿಟ್‌ನಿಂದ ಮರುಸನ್ನೆ ಬರುವ ತನಕ ಅವರು ಅಲ್ಲೇ ನಿಂತಿರುತ್ತಾರೆ.